ಟಾರ್ಚ್ ಬೆಳಕಿನಲ್ಲಿ ಕಂಡ ಮುಖವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಕಣದ ರೈಟರ್, ಮೂಡಿಗೆರೆ ಕಡೆ (ಪ್ರಶ್ನೆ)

ನಾನು ಹತ್ತೊಂಬತ್ತು ವರ್ಷಗಳಿಂದ ಕಾಫಿ ತೋಟವೊಂದರಲ್ಲಿ ಹಾಜರಿ, ಲೆಕ್ಕ ನೋಡುವ ರೈಟರ್ ಆಗಿದ್ದೇನೆ. ಕಳೆದ ಜನವರಿಯಲ್ಲಿ, ಕೊಯ್ಲು ಬಿರುಸಾಗಿದ್ದ ದಿನಗಳಲ್ಲಿ, ಸಂಜೆ ಏಳರ ಹೊತ್ತಿಗೆ ಕಣದಲ್ಲಿ ಒಣಗಲು ಹಾಕಿದ್ದ, ಹಣ್ಣಿನ ಸಿಪ್ಪೆ ತೆಗೆದ ಪಾರ್ಚ್‌ಮೆಂಟ್ ಕಾಫಿಯ ಮೇಲೆ ಟಾರ್ಪಾಲ್ ಎಳೆದಿದ್ದಾರೋ ಇಲ್ಲವೋ ಎಂದು ನೋಡಲು ಹೋಗಿದ್ದೆ. ಗೋಣಿಚೀಲ ಹೊತ್ತ ಯುವಕನೊಬ್ಬ ಪಲ್ಪರ್ ಮನೆಯ ಹಿಂದಿನಿಂದ ಬೇಲಿಯ ಕಡೆಗೆ ನಡೆಯುತ್ತಿದ್ದುದು ಕಂಡಿತು. ನಾಯಿ ಬೊಗಳಿದ್ದಕ್ಕೆ ಅವನು ಒಮ್ಮೆ ಹಿಂತಿರುಗಿ ನೋಡಿದ. ನನ್ನ ಟಾರ್ಚಿನ ಬೆಳಕು ಅವನ ಮುಖದ ಮೇಲೆ ಎರಡು ಮೂರು ಸೆಕೆಂಡು ಬಿದ್ದಿರಬಹುದು.

ಮರುದಿನ ಹಾಜರಿಯ ಹೊತ್ತಿಗೆ ಧಣಿಗಳು ಕೂಲಿಕಾರರ ಲೈನ್ ಮನೆಯ ಆರು ಮಂದಿ ಅಸ್ಸಾಮಿನ ಹುಡುಗರನ್ನು ಸಾಲಾಗಿ ನಿಲ್ಲಿಸಿ, "ಇವರಲ್ಲಿ ಯಾರು, ಹೇಳಿ" ಎಂದರು. ನಾನು ಮೂರನೆಯವನತ್ತ ಬೆರಳು ತೋರಿಸಿದೆ. ಅವನು ಹಿಂದಿಯಲ್ಲಿ ಏನೋ ಹೇಳುತ್ತಿದ್ದ. ಕೇಳಿಸಿಕೊಳ್ಳುವ ತಾಳ್ಮೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅಂದೇ ಲೆಕ್ಕ ಚುಕ್ತಾ ಮಾಡಿ ಕಳಿಸಲಾಯಿತು. ಹದಿನೈದು ದಿನಗಳ ಮೇಲೆ ಅವರ ಮೇಸ್ತ್ರಿ ಒಂದು ಚೀಟಿ ತಂದು ತೋರಿಸಿದ. ಆ ಸಂಜೆ ಆರೂವರೆಯಿಂದ ಒಂಬತ್ತರವರೆಗೆ ಹುಡುಗ ಪೇಟೆಯ ಕ್ಲಿನಿಕ್ಕಿನಲ್ಲಿ ಜ್ವರಕ್ಕೆ ಡ್ರಿಪ್ ಹಾಕಿಸಿಕೊಂಡು ಮಲಗಿದ್ದ.

ನನಗೆ ಕಣ್ಣಿನ ದೋಷವಿಲ್ಲ. ನಮ್ಮೂರಿನವರನ್ನು ಮಬ್ಬುಗತ್ತಲಲ್ಲಿ ನಡಿಗೆ ನೋಡಿಯೇ ಗುರುತಿಸಬಲ್ಲೆ. ಆ ಬೆಳಿಗ್ಗೆ ನನಗೆ ಲವಲೇಶವೂ ಅನುಮಾನವಿರಲಿಲ್ಲ ಎಂಬುದೇ ಈಗ ನನ್ನನ್ನು ಕೊರೆಯುತ್ತಿದೆ. ಹೊರಗಿನವರೆಂಬ ಅಸಡ್ಡೆ ನನ್ನೊಳಗೆ ಇದ್ದುದರಿಂದ ಹೀಗಾಯಿತೇ, ಅಥವಾ ಇದಕ್ಕೆ ಬೇರೆ ಕಾರಣವಿದೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ಮನಃಶಾಸ್ತ್ರದ ಉಪನ್ಯಾಸಕಿ, ಹಾಸನ

ರೈಟರೇ, ನಿಮಗೆ ಆದದ್ದನ್ನು ಮನಃಶಾಸ್ತ್ರಜ್ಞರು ಐವತ್ತು ವರ್ಷಗಳಿಗೂ ಮೇಲ್ಪಟ್ಟು ಅಧ್ಯಯನ ಮಾಡುತ್ತಿದ್ದಾರೆ. 1969ರಲ್ಲಿ ಅಮೆರಿಕದ ರಾಯ್ ಮಾಲ್‌ಪಾಸ್ ಮತ್ತು ಜೆರೋಮ್ ಕ್ರಾವಿಟ್ಜ್ ಕರಿಯ ಮತ್ತು ಬಿಳಿಯ ವಿದ್ಯಾರ್ಥಿಗಳಿಗೆ ಎರಡೂ ಗುಂಪಿನವರ ಭಾವಚಿತ್ರಗಳನ್ನು ತೋರಿಸಿ, ಯಾವುದನ್ನು ಮೊದಲೇ ನೋಡಿದ್ದೀರಿ ಎಂದು ಕೇಳಿದ ಪ್ರಯೋಗದಿಂದ ಈ ಸಾಲಿನ ಸಂಶೋಧನೆ ಬಲಗೊಂಡಿತು. 2001ರಲ್ಲಿ ಕ್ರಿಶ್ಚಿಯನ್ ಮೈಸ್ನರ್ ಮತ್ತು ಜಾನ್ ಬ್ರಿಗಮ್ ಅಂಥ 39 ಲೇಖನಗಳ, ಸುಮಾರು 5,000 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿದರು. ಸ್ವಂತ ಜನಾಂಗದ ಮುಖವನ್ನು ಸರಿಯಾಗಿ ಗುರುತಿಸುವ ಸಂಭವ 1.4 ಪಟ್ಟು ಹೆಚ್ಚು. ಎಂದೂ ನೋಡದ ಅನ್ಯ ಜನಾಂಗದ ಮುಖವನ್ನು "ನೋಡಿದ್ದೇನೆ" ಎಂದುಬಿಡುವ ಸಂಭವ 1.56 ಪಟ್ಟು ಹೆಚ್ಚು. ನಿಮ್ಮ ತಪ್ಪು ಈ ಎರಡನೆಯ ಬಗೆಯದು.

ಅಸಡ್ಡೆಯ ವಿಷಯಕ್ಕೆ ಬಂದರೆ, ಅದೇ ಸಮೀಕ್ಷೆಯಲ್ಲಿ ಪರಜನಾಂಗದ ಬಗೆಗಿನ ಮನೋಭಾವಕ್ಕೂ ಈ ತಪ್ಪಿಗೂ ನೇರ ಸಂಬಂಧ ಕಂಡುಬರಲಿಲ್ಲ. ಇದು ಬಹುಮಟ್ಟಿಗೆ ಕಣ್ಣು ಪಳಗುವ ಪ್ರಶ್ನೆ. ಮೂರು ತಿಂಗಳ ಬಿಳಿಯ ಶಿಶುಗಳು ಎಲ್ಲ ಜನಾಂಗದ ಮುಖಗಳನ್ನೂ ಬೇರೆ ಬೇರೆಯಾಗಿ ಗುರುತಿಸುತ್ತವೆ, ಒಂಬತ್ತು ತಿಂಗಳಿಗೆ ಬರುವಷ್ಟರಲ್ಲಿ ಆ ಸಾಮರ್ಥ್ಯ ತಮ್ಮ ಸುತ್ತಲಿನವರಿಗೆ ಸೀಮಿತವಾಗುತ್ತದೆ ಎಂದು 2007ರ ಒಂದು ಅಧ್ಯಯನ ತೋರಿಸಿತು. ಕೊರಿಯಾದಲ್ಲಿ ಹುಟ್ಟಿ, ಮೂರರಿಂದ ಒಂಬತ್ತು ವರ್ಷದೊಳಗೆ ಫ್ರಾನ್ಸಿನ ಕುಟುಂಬಗಳಿಗೆ ದತ್ತು ಹೋದವರು ದೊಡ್ಡವರಾದ ಮೇಲೆ ಯುರೋಪಿಯನ್ನರ ಮುಖಗಳನ್ನೇ ಚೆನ್ನಾಗಿ ಗುರುತಿಸಿದರೆಂದು 2005ರ ಇನ್ನೊಂದು ಅಧ್ಯಯನ ಹೇಳುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಿಮ್ಮಲ್ಲಿ "ಅಸ್ಸಾಮಿನವರು" ಎಂದು ಕರೆಯುವವರಲ್ಲಿ ಬೋಡೋಗಳು, ಬಂಗಾಳಿ ಮಾತನಾಡುವವರು, ಚಹಾ ತೋಟದ ಆದಿವಾಸಿಗಳು, ಕೆಲವೊಮ್ಮೆ ಜಾರ್ಖಂಡಿನವರೂ ಇರುತ್ತಾರೆ. ಒಂದೇ ಹೆಸರಿನಡಿ ಇಟ್ಟುಬಿಟ್ಟ ಮೇಲೆ ಮನಸ್ಸು ಗುಂಪನ್ನು ಗುರುತಿಸಿ ಅಲ್ಲಿಗೇ ನಿಲ್ಲುತ್ತದೆ. ಆ ಕಿವಿ, ಆ ಹುಬ್ಬು ಎಂದು ವ್ಯಕ್ತಿಯನ್ನು ನೋಡುವವರೆಗೆ ಹೋಗುವುದೇ ಇಲ್ಲ.

ವಕೀಲ, ಚಿಕ್ಕಮಗಳೂರು

ಉಪನ್ಯಾಸಕಿಯವರು ಹೇಳಿದ್ದು ಸರಿ. ಆದರೆ ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು ನಡೆದದ್ದು ಬೆಳಿಗ್ಗೆ, ಸಂಜೆಯಲ್ಲ. ಗ್ಯಾರಿ ವೆಲ್ಸ್ ಎಂಬ ಮನಃಶಾಸ್ತ್ರಜ್ಞರು 1978ರಲ್ಲಿಯೇ ಈ ವ್ಯತ್ಯಾಸವನ್ನು ಗುರುತಿಸಿದ್ದರು: ಬೆಳಕು, ದೂರ, ಜನಾಂಗ ಇವು ಯಾರ ಕೈಯಲ್ಲೂ ಇಲ್ಲ, ಸಾಕ್ಷಿಯನ್ನು ಹೇಗೆ ಕೇಳುತ್ತೇವೆ, ಯಾರನ್ನು ಸಾಲಿನಲ್ಲಿ ನಿಲ್ಲಿಸುತ್ತೇವೆ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. "ಇವರಲ್ಲಿ ಯಾರು" ಎಂಬ ಪ್ರಶ್ನೆ ಕಳ್ಳನು ಆ ಆರು ಮಂದಿಯಲ್ಲಿ ಇದ್ದೇ ಇದ್ದಾನೆ ಎಂದು ಮೊದಲೇ ತೀರ್ಮಾನಿಸಿಬಿಟ್ಟಿತ್ತು.

ನಮ್ಮ ಕಾನೂನಿನಲ್ಲಿ ಗುರುತು ಪತ್ತೆ ಪರೇಡ್ ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಎದುರು ನಡೆಯುತ್ತದೆ. ಆರೋಪಿಯನ್ನು ಅವನನ್ನೇ ಹೋಲುವ ಬೇರೆಯವರ ನಡುವೆ ನಿಲ್ಲಿಸಬೇಕು, ಘಟನೆಯ ನಂತರ ಪರೇಡಿಗೆ ಮುಂಚೆ ಸಾಕ್ಷಿ ಅವನನ್ನು ನೋಡಿರಬಾರದು. ಹಳೆಯ 1872ರ ಸಾಕ್ಷ್ಯ ಅಧಿನಿಯಮದ 9ನೆಯ ಕಲಮಿನಲ್ಲಿದ್ದ ಈ ವಿಷಯ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 7ನೆಯ ಕಲಮಿಗೆ ಬಂದಿದೆ. ಇಷ್ಟೆಲ್ಲ ಮಾಡಿದ ಮೇಲೂ ಆ ಪರೇಡ್ ತಾನಾಗಿಯೇ ಮೂಲ ಸಾಕ್ಷ್ಯವಾಗುವುದಿಲ್ಲ, ನ್ಯಾಯಾಲಯದಲ್ಲಿ ಗುರುತಿಸಿದ್ದಕ್ಕೆ ಬೆಂಬಲವಷ್ಟೇ. ನಿಮ್ಮ ಕಣದಲ್ಲಿ ಬೆರಳು ತೋರಿಸಿದ ಕ್ಷಣವೇ ತೀರ್ಪೂ ಆಗಿಹೋಯಿತು.

ಖಚಿತತೆಯ ಬಗ್ಗೆ ಕೇಳಿದ್ದೀರಿ. 1984ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಜೆನ್ನಿಫರ್ ಥಾಂಪ್ಸನ್ ಎಂಬ ಬಿಳಿಯ ಯುವತಿ ತನ್ನ ಮೇಲೆ ಅತ್ಯಾಚಾರವೆಸಗುತ್ತಿದ್ದವನ ಮುಖವನ್ನು, ಮುಂದೆ ಗುರುತಿಸಬೇಕೆಂದೇ, ಉದ್ದೇಶಪೂರ್ವಕವಾಗಿ ನೋಡಿ ಮನಸ್ಸಿನಲ್ಲಿಟ್ಟುಕೊಂಡಿದ್ದಳು. ಫೋಟೋಗಳಲ್ಲಿ ರೊನಾಲ್ಡ್ ಕಾಟನ್ ಎಂಬ ಕರಿಯ ಯುವಕನನ್ನು ಆರಿಸಿದಳು. ನಂತರ ಸಾಲಿನಲ್ಲೂ ಅವನನ್ನೇ ತೋರಿಸಿದಳು, ಫೋಟೋದಲ್ಲಿ ಆರಿಸಿದ್ದೂ ಇವನನ್ನೇ ಎಂದು ಪೊಲೀಸರು ಆಕೆಗೆ ತಿಳಿಸಿದರು. ನಿಜವಾದ ಅಪರಾಧಿ ಬಾಬಿ ಪೂಲ್‌ನನ್ನು ಮರುವಿಚಾರಣೆಯಲ್ಲಿ ಎದುರಿಗೆ ತಂದು ನಿಲ್ಲಿಸಿದಾಗಲೂ ಆಕೆಗೆ ಗುರುತು ಹತ್ತಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ ಕಾಟನ್ 1995ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಬಿಡುಗಡೆಯಾದ. ಎರಡು ಸೆಕೆಂಡಿನ ಟಾರ್ಚ್ ಬೆಳಕನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಹಳೆಯ ಸೂಪರ್‌ವೈಸರ್, ಸಕಲೇಶಪುರ

ಇಷ್ಟೊಂದು ಕೊರಗಬೇಡಿ, ಕಾಫಿ ಹೋದದ್ದಂತೂ ಸುಳ್ಳಲ್ಲ. ನನ್ನ ಅನುಭವದಲ್ಲಿ ಇದು ಎರಡೂ ಕಡೆ ಇದೆ. ನಮ್ಮ ತೋಟಕ್ಕೆ ಹೊಸದಾಗಿ ಬಂದ ಹುಡುಗನೊಬ್ಬ ಇಡೀ ಒಂದು ತಿಂಗಳು ನನ್ನನ್ನೂ ನನ್ನ ಭಾವನನ್ನೂ ಒಬ್ಬನೇ ಎಂದುಕೊಂಡು, ಅವರಿಗೆ ಹೇಳಬೇಕಾದ್ದನ್ನೆಲ್ಲ ನನಗೆ ಹೇಳಿ ಹೋಗುತ್ತಿದ್ದ. ನಾನು ದಪ್ಪ, ಭಾವ ಸಣಕಲು! ಜೊತೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರೆ ತಾನಾಗಿ ಗುರುತು ಹತ್ತುತ್ತದೆ ಎಂಬುದು ನನ್ನ ಅಭಿಪ್ರಾಯ.

ಮನಃಶಾಸ್ತ್ರದ ಉಪನ್ಯಾಸಕಿ, ಹಾಸನ

ತಾನಾಗಿ ಹತ್ತುತ್ತದೆ ಎನ್ನಲಾಗದು, ಸರ್. ಬರಿಯ ಒಡನಾಟದ ಪ್ರಭಾವ ಇದೆಯಾದರೂ ಅದು ಚಿಕ್ಕದೆಂದೇ ಮೈಸ್ನರ್ ಮತ್ತು ಬ್ರಿಗಮ್ ಕಂಡುಕೊಂಡರು. ಹಾಜರಿ ಪುಸ್ತಕದಲ್ಲಿ ತಲೆ ಎಣಿಸುವುದೂ ಹೆಸರು ಹಿಡಿದು ಮಾತನಾಡಿಸುವುದೂ ಒಂದೇ ಬಗೆಯ ಒಡನಾಟವಲ್ಲ. ರೈಟರೇ, ಒಂದು ಮಾತು ಕೇಳುತ್ತೇನೆ: ನೀವು ಬೆರಳು ತೋರಿಸಿದ ಕೂಡಲೇ ಧಣಿಗಳು ಏನೆಂದರು?

ಕಣದ ರೈಟರ್, ಮೂಡಿಗೆರೆ ಕಡೆ

"ನನಗೂ ಅವನ ಮೇಲೆಯೇ ಇತ್ತು" ಎಂದರು, ಮೇಡಂ. ಅಲ್ಲಿಯವರೆಗೆ ಸ್ವಲ್ಪವಾದರೂ ಅಳುಕಿತ್ತೋ ಏನೋ, ಆ ಮಾತು ಕೇಳಿದ ಮೇಲೆ ಇರಲಿಲ್ಲ.

ಮನಃಶಾಸ್ತ್ರದ ಉಪನ್ಯಾಸಕಿ, ಹಾಸನ

1998ರಲ್ಲಿ ವೆಲ್ಸ್ ಮತ್ತು ಏಮಿ ಬ್ರಾಡ್‌ಫೀಲ್ಡ್ ಇದನ್ನೇ ಪರೀಕ್ಷಿಸಿದ್ದರು. ತಪ್ಪಾಗಿ ಗುರುತಿಸಿದವರಿಗೆ "ಸರಿಯಾಗಿ ಹೇಳಿದಿರಿ" ಎಂಬರ್ಥದ ಒಂದು ಮಾತು ಹೇಳಿದ್ದಷ್ಟಕ್ಕೇ, ಆರಿಸುವಾಗಲೇ ತಮಗೆ ಪೂರ್ಣ ಖಾತರಿಯಿತ್ತು, ಮುಖವನ್ನು ಚೆನ್ನಾಗಿ ನೋಡಿದ್ದೆವು ಎಂದು ಅವರು ಹೇಳತೊಡಗಿದರು.

ಕಣದ ರೈಟರ್, ಮೂಡಿಗೆರೆ ಕಡೆ

ಎಲ್ಲರಿಗೂ ಕೃತಜ್ಞತೆಗಳು. ಇದನ್ನೆಲ್ಲ ಓದಿದ ಮೇಲೆ ನಿನ್ನೆ ರಾತ್ರಿ ಕಣದಲ್ಲಿ ಅದೇ ಜಾಗದಲ್ಲಿ ನಿಂತು ನೆನಪಿಸಿಕೊಳ್ಳಲು ನೋಡಿದೆ. ಕೆಂಪು ಕಪ್ಪು ಪಟ್ಟೆಯ ಜಾಕೆಟ್ ಸ್ಪಷ್ಟವಾಗಿ ನೆನಪಿದೆ. ಸಂತೆಯಲ್ಲಿ ಗುಡ್ಡೆ ಹಾಕಿ ಮಾರುವ ಅಂಥ ಜಾಕೆಟ್ಟು ಲೈನ್ ಮನೆಯಲ್ಲಿ ಕನಿಷ್ಠ ನಾಲ್ವರ ಬಳಿ ಇದೆ. ಮುಖ ಎಂದು ನೆನೆದರೆ ಹಾಜರಿ ಸಾಲಿನಲ್ಲಿ ನಿಂತು ಹಿಂದಿಯಲ್ಲಿ ಏನೋ ಹೇಳುತ್ತಿದ್ದ ಆ ಹುಡುಗನ ಮುಖವೇ ಬರುತ್ತದೆ. ಟಾರ್ಚ್ ಬೆಳಕಿನ ಮುಖ ಯಾವುದೆಂದು ಎಷ್ಟು ಹೊತ್ತು ನಿಂತರೂ ಬರಲಿಲ್ಲ. ಮೇಸ್ತ್ರಿಯಿಂದ ಅವನ ಫೋನ್ ನಂಬರ್ ತೆಗೆದುಕೊಂಡಿದ್ದೇನೆ; ಹಿಂದಿ ಚೆನ್ನಾಗಿ ಬರುವ ನನ್ನ ಮಗಳು ಭಾನುವಾರ ಊರಿಗೆ ಬರುತ್ತಾಳೆ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತನಾಡಬೇಕೆಂದಿದ್ದೇನೆ.