ಬಿಸಿ ಮಾಡಿದರೂ ಹೋಗದ ವಿಷ: ರಾತ್ರಿ ಉಳಿದ ಅನ್ನದ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ಶನಿವಾರ ರಾತ್ರಿ ನೆಂಟರು ಬಂದಿದ್ದರು, ಅನ್ನ ಬಹಳ ಉಳಿಯಿತು. ಕುಕ್ಕರಿನಲ್ಲೇ ಮುಚ್ಚಿ ಅಡುಗೆಕಟ್ಟೆಯ ಮೇಲೆ ಬಿಟ್ಟಿದ್ದೆ. ಬೆಳಿಗ್ಗೆ ಮೂಸಿ ನೋಡಿದೆ, ಹಳಸಿರಲಿಲ್ಲ. ಒಗ್ಗರಣೆಗೆ ಹಾಕಿ ಹಬೆಯಾಡುವಷ್ಟು ಬಿಸಿ ಮಾಡಿಯೇ ಚಿತ್ರಾನ್ನ ಬಡಿಸಿದೆ. ಎರಡು ಗಂಟೆಯೊಳಗೆ ನನಗೂ ಮಗನಿಗೂ ವಾಂತಿ ಶುರುವಾಯಿತು. ಜ್ವರವಿರಲಿಲ್ಲ, ಸಂಜೆಗೆ ಸರಿಹೋಯಿತು. ಅತ್ತೆಯವರು ಕಡಲೆಬೀಜದಿಂದ ಪಿತ್ತವಾಗಿದೆ ಎನ್ನುತ್ತಾರೆ. ಅಷ್ಟು ಬಿಸಿ ಮಾಡಿದ ಮೇಲೂ ಅನ್ನದಲ್ಲಿ ಏನಾದರೂ ಉಳಿದಿರಲು ಸಾಧ್ಯವೇ?

ಉತ್ತರ: ಸಾಧ್ಯ. ನೀವು ಕೊಟ್ಟ ವಿವರವೆಲ್ಲ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಕಡೆಗೇ ಬೊಟ್ಟು ಮಾಡುತ್ತದೆ. ಇದು ಮಣ್ಣಿನಲ್ಲಿರುತ್ತದೆ, ಅಲ್ಲಿಂದ ಅಕ್ಕಿಗೆ ಬರುತ್ತದೆ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಅಕ್ಕಿಯಲ್ಲಿ ಇದು ಗಟ್ಟಿ ಕವಚದ ಬೀಜಾಣುವಾಗಿ ಮಲಗಿರುತ್ತದೆ, ಅನ್ನ ಬೇಯುವ ಬಿಸಿಗೂ ಕೆಲವು ಜಗ್ಗುವುದಿಲ್ಲ. ಕುಕ್ಕರಿನಲ್ಲಿ ಮುಚ್ಚಿಟ್ಟ ಅನ್ನದ ಮೇಲ್ಭಾಗ ಆರಿದರೂ ನಡುವಿನ ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ. ಬೀಜಾಣು ಮೊಳೆತು ಬ್ಯಾಕ್ಟೀರಿಯ ಬೆಳೆಯಲು ಅದಕ್ಕಿಂತ ಹದವಾದ ಜಾಗ ಬೇಕಿಲ್ಲ. ಬೆಳೆಯುತ್ತ ಅದು ಸೀರಿಯುಲೈಡ್ ಎಂಬ ವಿಷವನ್ನು ಅನ್ನಕ್ಕೆ ಬಿಡುತ್ತದೆ.

ಬೆಳಿಗ್ಗೆ ನಿಮ್ಮ ಬಾಣಲೆಯ ಬಿಸಿಗೆ ಬ್ಯಾಕ್ಟೀರಿಯ ಸತ್ತಿರಬಹುದು, ವಿಷ ಹಾಗೆಯೇ ಉಳಿದಿರುತ್ತದೆ. ಪ್ರಯೋಗಾಲಯದಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 90 ನಿಮಿಷ ಇಟ್ಟರೂ ಅದು ಕೆಡುವುದಿಲ್ಲ. ಅದಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಹೊಟ್ಟೆಗೆ ಹೋದ ಮೇಲೆ ಅದು ವೇಗಸ್ ನರವನ್ನು ಕೆಣಕುತ್ತದೆ, ಆ ನರ ಮಿದುಳಿಗೆ ವಾಂತಿಯ ಸುದ್ದಿ ಮುಟ್ಟಿಸುತ್ತದೆ. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗಿ, ಸಾಮಾನ್ಯವಾಗಿ ಒಂದು ದಿನದೊಳಗೆ ನಿಲ್ಲುತ್ತದೆ. ಕಡಲೆಬೀಜವನ್ನು ದೂರಬೇಡಿ!

ಬಹುತೇಕ ಇದು ತಾನಾಗಿ ವಾಸಿಯಾಗುತ್ತದೆ. ಆದರೆ ಹಗುರವಾಗಿ ನೋಡುವಂತಿಲ್ಲ. 2008ರಲ್ಲಿ ಬೆಲ್ಜಿಯಂನಲ್ಲಿ ಐದು ದಿನ ಹೊರಗಿಟ್ಟಿದ್ದ ಸ್ಪಗೆಟ್ಟಿಯನ್ನು ಬಿಸಿ ಮಾಡಿ ತಿಂದ 20 ವರ್ಷದ ವಿದ್ಯಾರ್ಥಿ ಮರುದಿನ ಬೆಳಿಗ್ಗೆ ಹಾಸಿಗೆಯಲ್ಲೇ ಶವವಾಗಿದ್ದ. ವಿಷದ ಪ್ರಮಾಣ ಹೆಚ್ಚಿದರೆ ಯಕೃತ್ತಿನ ಜೀವಕೋಶಗಳೇ ಕೈಕೊಡುತ್ತವೆ.

ಪ್ರಶ್ನೆ: ಹಾಗಾದರೆ ಉಳಿದ ಅನ್ನವನ್ನು ಚೆಲ್ಲಲೇಬೇಕೇ? ಮನಸ್ಸು ಬರುವುದಿಲ್ಲ.

ಉತ್ತರ: ಬೇಡಮ್ಮ, ಅನ್ನ ಚೆಲ್ಲಲು ನನಗೂ ಮನಸ್ಸು ಬರುವುದಿಲ್ಲ. ಊಟ ಮುಗಿದ ಕೂಡಲೇ ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ, ಆರಿದೊಡನೆ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. ಒಂದು ಗಂಟೆಯೊಳಗೆ ಮುಗಿಸಿದರೆ ಒಳ್ಳೆಯದು, ಎರಡು ಗಂಟೆ ದಾಟಿಸಬೇಡಿ. ಮರುದಿನವೇ ತಿಂದು ಮುಗಿಸಿ. ರಾತ್ರಿಯಿಡೀ ಹೊರಗಿದ್ದ ಅನ್ನವಾದರೆ ಮಾತ್ರ ಯೋಚಿಸದೆ ಬಿಸಾಡಿ.

ಪ್ರಶ್ನೆ: ಸರ್, ನಮ್ಮಜ್ಜಿ ರಾತ್ರಿ ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ಮಜ್ಜಿಗೆ, ಈರುಳ್ಳಿ ಸೇರಿಸಿ ಕೊಡುತ್ತಿದ್ದರು. ನಮಗೇನೂ ಆಗುತ್ತಿರಲಿಲ್ಲವಲ್ಲ?

ಉತ್ತರ: ಒಳ್ಳೆಯ ಪ್ರಶ್ನೆ. ನೀರು ಹಾಕಿಟ್ಟ ಅನ್ನ ಹುಳಿಯುತ್ತದೆ. ಹುಳಿ ತರಿಸುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಗಳು ಸೀರಿಯಸ್‌ನ ಬೆಳವಣಿಗೆಯನ್ನು ಅದುಮುತ್ತವೆ. ದೋಸೆ ಹಿಟ್ಟು ರಾತ್ರಿಯಿಡೀ ಹೊರಗಿದ್ದರೂ ನಮಗೆ ತೊಂದರೆಯಾಗದಿರಲು ಇದು ಮುಖ್ಯ ಕಾರಣ. ಕುಕ್ಕರಿನೊಳಗಿನ ಬರಿಯ ಅನ್ನಕ್ಕೆ ಆ ಹುಳಿಯ ಕಾವಲಿಲ್ಲ. ಆದರೂ ಗರ್ಭಿಣಿಯರಿಗೆ, ಎಳೆಯ ಮಕ್ಕಳಿಗೆ, ಕಾಯಿಲೆಯಿಂದ ಸೊರಗಿದವರಿಗೆ ಹೊಸ ಅನ್ನವನ್ನೇ ಬಡಿಸಿ ಎನ್ನುತ್ತೇನೆ.

ಪ್ರಶ್ನೆ: ಇಂಥ ವಾಂತಿಗೆ ಮನೆಯಲ್ಲಿ ಉಳಿದಿರುವ ಆ್ಯಂಟಿಬಯಾಟಿಕ್ ಮಾತ್ರೆ ಕೊಡಬಹುದೇ?

ಉತ್ತರ: ದಯವಿಟ್ಟು ಕೊಡಬೇಡಿ. ವಿಷ ತಯಾರಾಗಿದ್ದು ಅನ್ನದಲ್ಲಿ, ದೇಹದೊಳಗಲ್ಲ. ಬ್ಯಾಕ್ಟೀರಿಯವನ್ನು ಕೊಲ್ಲುವ ಮಾತ್ರೆಗೆ ಇಲ್ಲಿ ಕೆಲಸವೇ ಇಲ್ಲ. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ, ಗುಟುಕು ಗುಟುಕಾಗಿ ಕುಡಿಸುತ್ತಿರಿ. ಪುಡಿ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು. ಇಲ್ಲಿ ಚಮಚವೆಂದರೆ ಟೀ ಚಮಚ. ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಆರೇಳು ಗಂಟೆ ಮೂತ್ರವೇ ಬರದಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ಕಣ್ಣು ಹಳದಿಯಾದರೆ ಅಥವಾ ಮಗು ಎಬ್ಬಿಸಿದರೂ ಏಳದೆ ಮಂಕಾದರೆ ಇಲ್ಲಿ ಸಂದೇಶ ಹಾಕುತ್ತ ಕೂರದೆ ನೇರ ಆಸ್ಪತ್ರೆಗೆ ಹೊರಡಿ. ಏನು ತಿಂದಿದ್ದು, ಎಷ್ಟು ಹೊತ್ತಿನ ಹಿಂದೆ ಎಂಬುದನ್ನು ಅಲ್ಲಿನ ವೈದ್ಯರಿಗೆ ಮೊದಲು ಹೇಳಿ.