ಶನಿವಾರದ ರೂಕಿ ಡ್ರಾಫ್ಟ್: ಯಾರು ಯಾರನ್ನು ಎತ್ತುತ್ತಾರೆ? ನನ್ನ ಲೆಕ್ಕ ಇಲ್ಲಿದೆ, ಬೈಯೋರು ಬೈಯಿರಿ

ಡಲ್ಲಾಸ್ ದಳವಾಯಿ
ಎನ್‌ಎಫ್‌ಎಲ್‌ನವರು (ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್) ಗ್ರೀನ್ ಬೇಯಲ್ಲಿ ತಮ್ಮ 2025ರ ಡ್ರಾಫ್ಟ್, ಅಂದರೆ ಹೊಸ ಆಟಗಾರರನ್ನು ಸರದಿಯಂತೆ ಆರಿಸೋದು, ಮುಗಿಸಿ ಮೂರು ವಾರ ಆಯಿತು. ಈ ಶನಿವಾರ ನಮ್ಮ ಸರದಿ. ಹೊಸದಾಗಿ ಸೇರಿದವರಿಗೆ ಮೊದಲೇ ಹೇಳಿಬಿಡುತ್ತೇನೆ: ನಮ್ಮದು ಫ್ಯಾಂಟಸಿ ಲೀಗ್, ನಾವು ಆರಿಸಿದ ಆಟಗಾರರು ನಿಜವಾದ ಪಂದ್ಯದಲ್ಲಿ ಆಡಿದ್ದಕ್ಕೆ ನಮಗೆ ಪಾಯಿಂಟ್. ಅದರಲ್ಲೂ ಡೈನಾಸ್ಟಿ ಲೀಗ್, 12 ತಂಡ. ಹಳೇ ಆಟಗಾರರು ಅವರವರ ಹತ್ತಿರವೇ ಉಳಿಯುತ್ತಾರೆ. ಈ ಡ್ರಾಫ್ಟಲ್ಲಿ ಕಾಲೇಜು ಬಿಟ್ಟು ಈಗ ಬಂದ ರೂಕಿಗಳು ಮಾತ್ರ. ಹಿಡಿದ ಪ್ರತಿ ಪಾಸಿಗೆ ಒಂದು ಪಾಯಿಂಟ್, ಆಡಿಸೋದು ಪಾಸ್ ಎಸೆಯುವ ಒಂದೇ ಕ್ವಾರ್ಟರ್‌ಬ್ಯಾಕ್. ಹೋದ ವರ್ಷ ಕೊನೆಗೆ ಬಂದ ಪುಣ್ಯಾತ್ಮನಿಗೆ ಮೊದಲ ಸುತ್ತಿನ ಮೊದಲ ಪಿಕ್, ಅದೇ 1.01.

1.01 ಗಾಂಧಿಬಜಾರ್: ಆ್ಯಷ್ಟನ್ ಜೆಂಟಿ. ಇದರಲ್ಲಿ ಯೋಚನೆ ಮಾಡುವುದು ಏನೂ ಇಲ್ಲ. ರೈಡರ್ಸ್ ತಂಡ ಆರನೇ ಪಿಕ್ ಕೊಟ್ಟು ತಗೊಂಡ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವವನು. ಕಾಲೇಜಲ್ಲಿ ಹೋದ ವರ್ಷ 2601 ಯಾರ್ಡ್ ಓಡಿದ್ದಾನೆ, ಬ್ಯಾರಿ ಸ್ಯಾಂಡರ್ಸ್‌ನ ಒಂದು ವರ್ಷದ ಕಾಲೇಜು ದಾಖಲೆಗೆ ಬರೀ 28 ಯಾರ್ಡ್ ಕಮ್ಮಿ.
1.02 ಕುಂದಾಪುರ ಕಡಲು: ಟ್ರಾವಿಸ್ ಹಂಟರ್. ಮೇಡಂಗೆ ಹೆಸರು ದೊಡ್ಡದಿರಬೇಕು.
1.03 ಹುಬ್ಬಳ್ಳಿ ಮಿರ್ಚಿ: ಒಮೇರಿಯನ್ ಹ್ಯಾಂಪ್ಟನ್. ಅವರ ತಂಡದಲ್ಲಿ ಓಡೋರೇ ಇಲ್ಲ.
1.04 ಹೊಸ ಹುಡುಗ: ಮೆಕ್‌ಮಿಲನ್, ಬಹುಶಃ.
1.05 ನಾನು: ಹೇಳಲ್ಲ.
1.06 ನಂಜನಗೂಡು ರಸಬಾಳೆ: ಯಾರನ್ನು ತಗೊಂಡರೂ ಮುಂದಿನ ವರ್ಷ ಅಳುತ್ತಾರೆ.

ನಂಜನಗೂಡು ರಸಬಾಳೆ
27.
ಬ್ಯಾರಿದು 2628. ಜೆಂಟಿದು 2601. ಕಳೆದು ನೋಡಿ. ಕೂಡೋದು ಕಳೆಯೋದು ಬರದವರು ಪಿಕ್ ಭವಿಷ್ಯ ಹೇಳೋಕೆ ಹೊರಟಿದ್ದಾರೆ.

ಡಲ್ಲಾಸ್ ದಳವಾಯಿ
ದಾಖಲೆ ಮುರಿಯೋಕೆ 28 ಬೇಕು ಸ್ವಾಮಿ. 27ಕ್ಕೆ ಸಮ ಆಗುತ್ತೆ ಅಷ್ಟೇ.

ನಂಜನಗೂಡು ರಸಬಾಳೆ
"ಮುರಿಯೋಕೆ" ಅಂತ ನೀವು ಬರೆದೇ ಇಲ್ಲ. "ಕಮ್ಮಿ" ಅಂತ ಬರೆದಿದ್ದೀರಿ. ಇನ್ನೊಂದು ವಿಷಯ ಜಾಣತನದಿಂದ ಬಿಟ್ಟಿದ್ದೀರಿ. ಬ್ಯಾರಿ ಸ್ಯಾಂಡರ್ಸ್ 1988ರಲ್ಲಿ ಅಷ್ಟು ಓಡಿದ್ದು 11 ಪಂದ್ಯದಲ್ಲಿ, ನಿಮ್ಮ ಹುಡುಗ 14 ಪಂದ್ಯದಲ್ಲಿ. ಮೂರು ಪಂದ್ಯ ಜಾಸ್ತಿ ಆಡಿಯೂ ಮುಟ್ಟೋಕೆ ಆಗಲಿಲ್ಲ. ಇದನ್ನು ಹೊಗಳಿಕೆ ಅಂದುಕೊಂಡಿದ್ದೀರಾ?

ಹೊಸ ಹುಡುಗ
ನಮಸ್ಕಾರ ಎಲ್ಲರಿಗೂ. 1.04 ನನ್ನದು. ಮೆಕ್‌ಮಿಲನ್ ಓಕೆನಾ? ಕ್ಯಾರೊಲೈನಾದಲ್ಲಿ ಬ್ರೈಸ್ ಯಂಗ್ ಪಾಸ್ ಕೊಡಬೇಕಲ್ವಾ, ಅದೊಂದೇ ಭಯ. ಎಗ್ಬೂಕಾ ಉತ್ತಮವಾ?

ಹುಬ್ಬಳ್ಳಿ ಮಿರ್ಚಿ
"ಯೋಚನೆ ಮಾಡುವುದು ಏನೂ ಇಲ್ಲ" ಅಂದರಲ್ಲ ದಳವಾಯಿ ಸರ್, ಅಲ್ಲೇ ತಪ್ಪಿದ್ದು ನೋಡ್ರಿ. 2020ರಲ್ಲೂ ಎಲ್ಲರೂ ಇದೇ ಹೇಳಿದ್ದರು. ಕಾನ್ಸಾಸ್ ಸಿಟಿಯವರು ಮೊದಲ ಸುತ್ತಿನ ಕೊನೇ ಪಿಕ್‌ನಲ್ಲಿ ಕ್ಲೈಡ್ ಎಡ್ವರ್ಡ್ಸ್-ಹೆಲೇರ್ ಅನ್ನೋ ಹುಡುಗನನ್ನು ತಗೊಂಡರು, ಸ್ಟಾರ್ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಜೊತೆ ಆಡುತ್ತಾನೆ ಅಂತ ಊರೆಲ್ಲ ಕುಣಿದು ಅವನನ್ನೇ 1.01 ಮಾಡಿತು. ಅದೇ ವರ್ಷ ಜಸ್ಟಿನ್ ಜೆಫರ್ಸನ್ ಇದ್ದ. ಮೊದಲ ವರ್ಷವೇ 1400 ಯಾರ್ಡ್ ಹಿಡಿದ. ಜೋನಾಥನ್ ಟೇಲರ್ ಕೂಡ ಇದ್ದ. ಯೋಚನೆ ಮಾಡದೆ ಎತ್ತಿದ್ದಕ್ಕೆ ಸಿಕ್ಕ ಫಲ ಇದು.

ಡಲ್ಲಾಸ್ ದಳವಾಯಿ
ಮೊದಲ ಸುತ್ತಿನ ಕೊನೇ ಪಿಕ್‌ಗೂ ಆರನೇ ಪಿಕ್‌ಗೂ ವ್ಯತ್ಯಾಸ ಗೊತ್ತಿಲ್ವಾ? 2018ರಲ್ಲಿ ಸೇಕ್ವಾನ್ ಬಾರ್ಕ್ಲಿ ಎರಡನೇ ಪಿಕ್. ರೂಕಿ ವರ್ಷವೇ ಓಟ, ಪಾಸು ಸೇರಿ 2028 ಯಾರ್ಡ್, 91 ಪಾಸ್ ಹಿಡಿದ. ನಮ್ಮ ಲೀಗಲ್ಲಿ ಅದರಿಂದಲೇ 91 ಪಾಯಿಂಟ್. ಇದನ್ನೂ ಬರೆಯಬಹುದಿತ್ತು ನೀವು.

ಹುಬ್ಬಳ್ಳಿ ಮಿರ್ಚಿ
ಮೇಲಿನ ಪಿಕ್ ಅಂದರೆ ಗ್ಯಾರಂಟಿನಾ? 2012ರಲ್ಲಿ ಟ್ರೆಂಟ್ ರಿಚರ್ಡ್‌ಸನ್ ಮೂರನೇ ಪಿಕ್. ಮರು ವರ್ಷವೇ ಅವನನ್ನು ಮಾರಿಬಿಟ್ಟರು. ಇನ್ನು "91 ಪಾಸ್" ಅಂತೀರಿ. ಜೆಂಟಿ ಹೋದ ವರ್ಷ ಹಿಡಿದದ್ದು ಎಷ್ಟು? 23. ಇಪ್ಪತ್ತ ಮೂರು!

ಡಲ್ಲಾಸ್ ದಳವಾಯಿ
ಅದರ ಹಿಂದಿನ ವರ್ಷ 43 ಹಿಡಿದ, 569 ಯಾರ್ಡ್. ಬೇಕಾದ ವರ್ಷ ಮಾತ್ರ ನೋಡೋದು ಬಿಡಿ.

ನಂಜನಗೂಡು ರಸಬಾಳೆ
ಬೇಕಾದ ವರ್ಷ ಮಾತ್ರ ನೋಡೋದು ಯಾರು ಅಂತ ಮೊದಲ ಪೋಸ್ಟಲ್ಲೇ ಗೊತ್ತಾಯಿತು. 11 ಪಂದ್ಯದ ಮಾತಿಗೆ ಇನ್ನೂ ಉತ್ತರ ಬಂದಿಲ್ಲ.

ಕುಂದಾಪುರ ಕಡಲು
"ಮೇಡಂಗೆ ಹೆಸರು ದೊಡ್ಡದಿರಬೇಕು" ಅಂತೆ. ಮಾರಾಯ್ರೇ, ಹಂಟರ್ ಕೊಲರಾಡೊದಲ್ಲಿ ಹೋದ ವರ್ಷ 96 ಪಾಸ್ ಹಿಡಿದು 1258 ಯಾರ್ಡ್, 15 ಟಚ್‌ಡೌನ್ ಮಾಡಿದ್ದಾನೆ. ಅದು ಹೆಸರಲ್ಲ, ಕೆಲಸ. ಹೈಸ್‌ಮನ್ ಪ್ರಶಸ್ತಿ, ಕಾಲೇಜಿನ ಅತ್ಯುತ್ತಮ ಆಟಗಾರನಿಗೆ ಕೊಡೋದು, ಅವನಿಗೆ ಬಂತು, ನಿಮ್ಮ ಜೆಂಟಿ ಎರಡನೆಯವ. ಜಾಕ್ಸನ್‌ವಿಲ್‌ನವರು ಐದನೇ ಪಿಕ್‌ನಿಂದ ಎರಡಕ್ಕೆ ಏರೋಕೆ ಮುಂದಿನ ವರ್ಷದ ಮೊದಲ ಸುತ್ತಿನ ಪಿಕ್ಕನ್ನೂ ಕೊಟ್ಟಿದ್ದಾರೆ. ಅಷ್ಟು ಕೊಟ್ಟವರು ಬೆಂಚಲ್ಲಿ ಕೂರಿಸ್ತಾರಾ?

ಪೀಣ್ಯ ನೈಟ್ ಶಿಫ್ಟ್
ಬೆಂಚಲ್ಲಿ ಕೂರಿಸಲ್ಲ ಅಕ್ಕಾ, ಅವನು ಎರಡೂ ಕಡೆ ಆಡೋನಲ್ವಾ, ಡಿಫೆನ್ಸಲ್ಲಿ ನಿಲ್ಲಿಸ್ತಾರೆ. ಅಲ್ಲಿ ಅವನು ಎದುರಾಳಿಯ ಪಾಸ್ ಕಸಿದು ಎಷ್ಟು ಇಂಟರ್‌ಸೆಪ್ಷನ್ ಮಾಡಿದರೂ ನಮ್ಮ ಲೀಗಲ್ಲಿ ಸೊನ್ನೆ. ನಾನು ಭಾನುವಾರ ರಾತ್ರಿ ಹತ್ತೂವರೆಗೆ ಚಹಾ ಫ್ಲಾಸ್ಕ್ ಇಟ್ಟುಕೊಂಡು ಕೂರುವವನು. ಪಾಸ್ ಹಿಡಿಯೋಕೆ ಅಂತ ತಗೊಂಡ ನನ್ನ ರಿಸೀವರ್ ಡಿಫೆನ್ಸಿನ ಕಾರ್ನರ್‌ಬ್ಯಾಕ್ ಆಗಿ ಓಡಾಡೋದನ್ನು ನಿದ್ದೆಗೆಟ್ಟು ನೋಡಬೇಕಾ?

ಕುಂದಾಪುರ ಕಡಲು
ನಿಮಗೆ ನಿದ್ದೆ ಬಂದರೆ ಮಲಗಿ. ನನ್ನ ಪಿಕ್ ನಾನು ನೋಡಿಕೊಳ್ತೇನೆ.

ಡಲ್ಲಾಸ್ ದಳವಾಯಿ
ರಸಬಾಳೆಯವರೇ, 11 ಪಂದ್ಯ, 11 ಪಂದ್ಯ ಅಂತ ಜಪ ಮಾಡ್ತಾ ಇದ್ದೀರಿ. ಸರಿ. ಬ್ಯಾರಿ ಎಷ್ಟು ಸಲ ಚೆಂಡು ಹಿಡಿದು ಓಡಿದ? 344 ಸಲ. ಜೆಂಟಿ 374. 30 ಸಲ ಅಷ್ಟೇ ಜಾಸ್ತಿ. ಅಂದರೆ ಪಂದ್ಯಕ್ಕೆ ಬ್ಯಾರಿಗೆ 31 ಸಲ ಚೆಂಡು ಕೊಡ್ತಿದ್ದರು, ಜೆಂಟಿಗೆ 27 ಸಹ ಇಲ್ಲ. ಇದು ಯಾಕೆ ಹೇಳಲ್ಲ?

ನಂಜನಗೂಡು ರಸಬಾಳೆ
ಹೇಳ್ತೀನಿ ಬನ್ನಿ. 344ಕ್ಕೆ 2628, 374ಕ್ಕೆ 2601. ಕಮ್ಮಿ ಸಲ ಓಡಿ ಜಾಸ್ತಿ ಯಾರ್ಡ್. ನೀವೇ ನನ್ನ ಪರವಾಗಿ ವಾದ ಮಾಡಿದಿರಿ, ಥ್ಯಾಂಕ್ಸ್. ಅಲ್ಲದೆ ಆ ಕಾಲದಲ್ಲಿ ಸೀಸನ್ ಮುಗಿದ ಮೇಲಿನ ಬೌಲ್ ಪಂದ್ಯದ ಯಾರ್ಡ್ ಅಧಿಕೃತ ಲೆಕ್ಕಕ್ಕೆ ಸೇರ್ತಾ ಇರಲಿಲ್ಲ, 2002ರಿಂದ ಈಚೆಗೆ ಸೇರಿಸ್ತಾರೆ. ಹಾಲಿಡೇ ಬೌಲಲ್ಲಿ ಬ್ಯಾರಿ 222 ಓಡಿದ. ಸೇರಿಸಿದರೆ 2850. ಈಗ ಹೇಳಿ, 27 ಕಮ್ಮಿಯಾ, 28 ಕಮ್ಮಿಯಾ, 249 ಕಮ್ಮಿಯಾ?

ಡಲ್ಲಾಸ್ ದಳವಾಯಿ
ಅಧಿಕೃತ ಅಲ್ಲ ಅಂತ ನಿಮ್ಮ ಬಾಯಿಂದಲೇ ಬಂತು. ದಾಖಲೆ ಪುಸ್ತಕದಲ್ಲಿ ಇರೋದು 2628. ಪುಸ್ತಕ ನೀವು ಬರೆದಿದ್ದಲ್ಲ.

ನಂಜನಗೂಡು ರಸಬಾಳೆ
ಪುಸ್ತಕ ನೋಡಿಕೊಂಡು ಟೀಮ್ ಕಟ್ಟೋರು ನೀವು. ನಾನು ಆಟ ನೋಡಿ ಕಟ್ಟೋನು. ಆ ವರ್ಷದ ಕೊನೇ ಲೀಗ್ ಪಂದ್ಯ ಟೋಕಿಯೋದಲ್ಲಿ ಆಯ್ತು ಅಂತ ಗೊತ್ತಾ? ಟೆಕ್ಸಾಸ್ ಟೆಕ್ ವಿರುದ್ಧ 332 ಯಾರ್ಡ್. ಜಪಾನಿಗೆ ಹೋಗಿ ಓಡಿ ಬಂದ ಮನುಷ್ಯ. ಜೆಂಟಿ ಪೆನ್ ಸ್ಟೇಟ್ ಎದುರು, ನಿಜವಾದ ಡಿಫೆನ್ಸ್ ಸಿಕ್ಕಾಗ, 30 ಸಲ ಓಡಿ 104. ಅಷ್ಟೇ.

ಹುಬ್ಬಳ್ಳಿ ಮಿರ್ಚಿ
"ಆಟ ನೋಡಿ" ಅಂತೆ! 1988ರಲ್ಲಿ ನಂಜನಗೂಡಲ್ಲಿ ಕೂತು ಬ್ಯಾರಿಯ ಕಾಲೇಜು ಒಕ್ಲಹೋಮಾ ಸ್ಟೇಟ್ ಆಟ ನೋಡಿದರಂತೆ ಇವರು. ಆಗ ನಮ್ಮ ಟೀವಿಯಲ್ಲಿ ಇದ್ದದ್ದು ದೂರದರ್ಶನ ಒಂದೇರಿ. ಭಾನುವಾರ ಬರ್ತಿದ್ದದ್ದು ಪುರಾಣದ ಧಾರಾವಾಹಿ. ಅದರೊಳಗೆ ಬ್ಯಾರಿ ಸ್ಯಾಂಡರ್ಸ್ ಯಾವ ಪಾತ್ರ ಮಾಡಿದ್ದ?

ನಂಜನಗೂಡು ರಸಬಾಳೆ
ಮಿರ್ಚಿ, ನಾನು ನಿಮ್ಮ ಪರವಾಗಿಯೇ ಮಾತಾಡ್ತಾ ಇದ್ದೆ. ಜೆಂಟಿ ಬೇಡ ಅನ್ನೋದು ನಿಮ್ಮ ಮಾತೂ ಹೌದಲ್ವಾ? ವಿಡಿಯೋ ಅಂತ ಒಂದು ವಸ್ತು ಇದೆ. ಹುಬ್ಬಳ್ಳಿಗೆ ಇನ್ನೂ ಬಂದಿಲ್ಲ ಅನ್ಸುತ್ತೆ.

ಹುಬ್ಬಳ್ಳಿ ಮಿರ್ಚಿ
ಊರಿನ ಸುದ್ದಿಗೆ ಬರಬೇಡ್ರಿ. ಹೇಳಿದೀನಿ.

ನಂಜನಗೂಡು ರಸಬಾಳೆ
ನಂಜನಗೂಡಿನ ಸುದ್ದಿಗೆ ಮೊದಲು ಬಂದವರು ಯಾರು?

ಹೊಸ ಹುಡುಗ
ಎಗ್ಬೂಕಾ ಹೋಗಿರೋದು ಟ್ಯಾಂಪಾಗೆ. ಅಲ್ಲಿ ಮೈಕ್ ಎವನ್ಸ್, ಕ್ರಿಸ್ ಗಾಡ್ವಿನ್ ಇಬ್ಬರೂ ಇದ್ದಾರೆ. ಹಾಗಾಗಿ ಮೆಕ್‌ಮಿಲನ್ ಅಂದುಕೊಂಡೆ. ಯಾರಾದರೂ ಹೇಳಿ ಪ್ಲೀಸ್.

ಹುಬ್ಬಳ್ಳಿ ಮಿರ್ಚಿ
ಬ್ಯಾರಿನ ಒಂದು ಕಡೆ ಇಡ್ರಿ. ಆ ಪಟ್ಟಿಯಲ್ಲಿ ಅವನ ಕೆಳಗೆ ಯಾರಿದ್ದಾರೆ ನೋಡ್ರಿ. ಮೆಲ್ವಿನ್ ಗಾರ್ಡನ್, 2014ರಲ್ಲಿ 2587 ಯಾರ್ಡ್. ಎನ್‌ಎಫ್‌ಎಲ್‌ಗೆ ಬಂದ ಮೊದಲ ವರ್ಷ 641 ಯಾರ್ಡ್, ಟಚ್‌ಡೌನ್ ಒಂದೂ ಇಲ್ಲ. ಕೆವಿನ್ ಸ್ಮಿತ್, 2007ರಲ್ಲಿ 2567. ಮೊದಲ ವರ್ಷ 976, ಆಮೇಲೆ ಎಲ್ಲಿ ಹೋದ ಅಂತ ಹುಡುಕಬೇಕು. ಕಾಲೇಜಲ್ಲೇ ಕಾಲು ಸವೆಸಿಕೊಂಡು ಬಂದವರು ಇವರು. ಕಬ್ಬು ಅಲ್ಲೇ ಹಿಂಡಿ ಮುಗಿಸಿರ್ತಾರೆ, ನಮಗೆ ಸಿಗೋದು ಸಿಪ್ಪೆ.

ಡಲ್ಲಾಸ್ ದಳವಾಯಿ
ಸಿಪ್ಪೆನಾ? ಡೆರಿಕ್ ಹೆನ್ರಿ 2015ರಲ್ಲಿ ಅಲಬಾಮಾಗೆ 395 ಸಲ ಓಡಿದ, ಜೆಂಟಿಗಿಂತ ಜಾಸ್ತಿ. 2020ರಲ್ಲಿ 2027 ಯಾರ್ಡ್. 2024ರಲ್ಲಿ, 30 ವಯಸ್ಸಲ್ಲಿ, 1921. ಇಂಥ ಸಿಪ್ಪೆ ಇದ್ದರೆ ನನಗೆ ಎರಡು ಕೊಡಿ. ಮತ್ತೆ ಆ ಪಟ್ಟಿಯ ಮೊದಲನೆಯವನನ್ನು ಮಾತ್ರ "ಒಂದು ಕಡೆ ಇಡಿ" ಅಂತೀರಲ್ಲ, ಯಾಕೆ? ಬ್ಯಾರಿ ರೂಕಿ ವರ್ಷ 1470 ಯಾರ್ಡ್, 14 ಟಚ್‌ಡೌನ್.

ಹುಬ್ಬಳ್ಳಿ ಮಿರ್ಚಿ
ಹೆನ್ರಿ ರೂಕಿ ವರ್ಷ 490 ಯಾರ್ಡ್. ನೀವು ನಾಲ್ಕು ವರ್ಷ ಕಾಯ್ತಾ ಕೂತಿರ್ರಿ, ಆರ್‌ಸಿಬಿ ಅಭಿಮಾನಿ ಹಂಗೆ.

ಪೀಣ್ಯ ನೈಟ್ ಶಿಫ್ಟ್
ಏ, ಆರ್‌ಸಿಬಿ ಯಾಕೆ ತಂದ್ರಿ ಇದಕ್ಕೆ? ಎಲ್ಲಿಂದ ಎಲ್ಲಿಗೆ ಸಂಬಂಧ? ನಾನು ಇಲ್ಲಿ ರಾತ್ರಿ ಎಲ್ಲಾ ಎದ್ದು ನಿಮ್ಮ ಲೀಗ್ ಆಡ್ತಾ ಇದ್ದೀನಿ, ಸುಮ್ನೆ ಕೆಣಕಬೇಡಿ. ಅಲ್ಲಿ ಕೂತು ಐಪಿಎಲ್ ಬೆಳಗಿನ ತಿಂಡಿ ಜೊತೆ ನೋಡೋರಿಗೆ ಏನು ಗೊತ್ತು ಕಷ್ಟ.

ನಂಜನಗೂಡು ರಸಬಾಳೆ
ಬ್ಯಾರಿಯ ರೂಕಿ ವರ್ಷ ಅವನು ಬ್ಯಾರಿ ಆಗಿದ್ದಕ್ಕೆ ಹಾಗೆ ಆಯ್ತು. ಅದನ್ನು ಜೆಂಟಿ ಖಾತೆಗೆ ಜಮಾ ಮಾಡೋಕೆ ಆಗಲ್ಲ.

ಡಲ್ಲಾಸ್ ದಳವಾಯಿ
ಓಹೋ. ಪಂದ್ಯದ ಲೆಕ್ಕಕ್ಕೆ ಬ್ಯಾರಿ ಬೇಕು, ರೂಕಿ ವರ್ಷದ ಲೆಕ್ಕಕ್ಕೆ ಬ್ಯಾರಿ ಬೇಡ. ಹೋದ ವರ್ಷ 1.01 ನಿಮ್ಮ ಕೈಯಲ್ಲೇ ಇತ್ತಲ್ಲ? "ಆಟ ನೋಡಿ" ತಗೊಂಡಿರಿ ಮಾರ್ವಿನ್ ಹ್ಯಾರಿಸನ್ ಜೂನಿಯರ್. 62 ಪಾಸ್, 885 ಯಾರ್ಡ್. ನಿಮ್ಮ ಹಿಂದೆ ಕೂತಿದ್ದ ನಾನು ಮಲಿಕ್ ನೇಬರ್ಸ್ ತಗೊಂಡೆ. 109 ಪಾಸ್, 1204 ಯಾರ್ಡ್. ಸುಮ್ಮನಿದ್ದೆ ಇಷ್ಟು ದಿನ.

ಕುಂದಾಪುರ ಕಡಲು
"ಸುಮ್ಮನಿದ್ದೆ ಇಷ್ಟು ದಿನ" 😂 ದಳವಾಯಿಯವರೇ, ಅಕ್ಟೋಬರ್‌ನಿಂದ ವಾರಕ್ಕೆ ಎರಡು ಸಲ ಹೇಳಿದ್ದೀರಿ.

ನಂಜನಗೂಡು ರಸಬಾಳೆ
ಹ್ಯಾರಿಸನ್ 8 ಟಚ್‌ಡೌನ್, ನೇಬರ್ಸ್ 7. ಟಚ್‌ಡೌನಿಗೆ ಆರು ಪಾಯಿಂಟ್.

ಡಲ್ಲಾಸ್ ದಳವಾಯಿ
ಒಂದು ಟಚ್‌ಡೌನ್ ಜಾಸ್ತಿ. 47 ಪಾಸ್ ಕಮ್ಮಿ. ಈ ಕಳೆಯೋ ಲೆಕ್ಕ ಸರಿ ಇದೆಯಾ ನೋಡಿ, ನಿಮಗೆ ಬರುತ್ತಲ್ಲ.

ನಂಜನಗೂಡು ರಸಬಾಳೆ
ಡೈನಾಸ್ಟಿ ಅಂದರೆ ಹತ್ತು ವರ್ಷದ ಆಟ. ಒಂದು ವರ್ಷ ನೋಡಿ ತೀರ್ಪು ಕೊಡೋರು ಸಾಮಾನ್ಯ ಲೀಗ್ ಆಡಲಿ. ಈ ಮಾತು ಇಲ್ಲಿಗೆ ಬಿಡಿ. ರೈಡರ್ಸ್ ಹೋದ ವರ್ಷ ಓಟದಲ್ಲಿ ಇಡೀ ಎನ್‌ಎಫ್‌ಎಲ್‌ಗೆ ಕೊನೆ. ಎದುರಾಳಿಗಳನ್ನು ತಡೆದು ದಾರಿ ಮಾಡಿಕೊಡಬೇಕಾದ ಅದೇ ತಂಡದ ಹಿಂದೆ ಜೆಂಟಿ ಓಡಬೇಕು. ಗೋಡೆ ಇಲ್ಲದ ಮನೆಗೆ ಬಾಗಿಲು ಕೊಂಡ ಹಾಗೆ.

ಡಲ್ಲಾಸ್ ದಳವಾಯಿ
ಹತ್ತು ವರ್ಷದ ಆಟ ಅಂತ ಈಗಷ್ಟೇ ಹೇಳಿ, ಮುಂದಿನ ಸಾಲಲ್ಲೇ ಹೋದ ವರ್ಷದ ರೈಡರ್ಸ್ ಬಗ್ಗೆ ಅಳು. ಕೋಚ್ ಬದಲಾದ, ಪೀಟ್ ಕ್ಯಾರಲ್ ಬಂದ. ಕ್ವಾರ್ಟರ್‌ಬ್ಯಾಕ್ ಬದಲಾದ, ಜೀನೋ ಸ್ಮಿತ್ ಬಂದ. ಬ್ರಾಕ್ ಬವರ್ಸ್ ರೂಕಿ ಆಗಿ 112 ಪಾಸ್ ಹಿಡಿದದ್ದು ಇದೇ "ಗೋಡೆ ಇಲ್ಲದ ಮನೆ"ಯಲ್ಲಿ.

ಪೀಣ್ಯ ನೈಟ್ ಶಿಫ್ಟ್
ಬವರ್ಸ್ ನನ್ನ ತಂಡದಲ್ಲಿ ಇದ್ದಾನೆ. ಜೆಂಟಿ ಬಂದ ಮೇಲೆ ಅವನ ಪಾಸ್ ಕಮ್ಮಿ ಆಗುತ್ತೆ ಅಂತ ನನಗೆ ಹೊಟ್ಟೆ ಉರಿ. ಅದನ್ನು ಯಾರೂ ಮಾತಾಡಲ್ಲ.

ಹುಬ್ಬಳ್ಳಿ ಮಿರ್ಚಿ
ನಾನು ಹ್ಯಾಂಪ್ಟನ್ ತಗೊಳ್ಳೋದಿಲ್ಲ, ಮೊದಲೇ ಹೇಳಿಬಿಡ್ತೀನಿ. "ಓಡೋರೇ ಇಲ್ಲ" ಅಂತ ಬರೆದಿದ್ದಕ್ಕೇ ತಗೊಳ್ಳೋದಿಲ್ಲ. ಚಾರ್ಜರ್ಸ್‌ನಲ್ಲಿ ನಾಜಿ ಹ್ಯಾರಿಸ್ ಇದ್ದಾನೆ, ಚೆಂಡು ಹಂಚಿಕೊಳ್ಳಬೇಕು. ಮೆಕ್‌ಮಿಲನ್ ನನ್ನವನು.

ಹೊಸ ಹುಡುಗ
ಅಯ್ಯೋ. ಹಾಗಾದರೆ 1.04ರಲ್ಲಿ ನಾನು ಹ್ಯಾಂಪ್ಟನ್ ತಗೊಳ್ಲಾ? ಇಬ್ಬರು ಹಂಚಿಕೊಂಡರೂ ಪರವಾಗಿಲ್ಲ, ಆ ಕೋಚ್ ಜಿಮ್ ಹಾರ್ಬಾಗೆ ಓಟ ಇಷ್ಟ ಅಲ್ವಾ?

ಡಲ್ಲಾಸ್ ದಳವಾಯಿ
ತಮ್ಮಾ, ಹ್ಯಾಂಪ್ಟನ್ ಬೇಡ. ಬಹಳ ರಿಸ್ಕ್. ಎಗ್ಬೂಕಾ ತಗೋ.

ಕುಂದಾಪುರ ಕಡಲು
1.05 ಇರುವವರು 1.04ಕ್ಕೆ ಬುದ್ಧಿ ಹೇಳ್ತಾ ಇದ್ದಾರೆ. ಹುಡುಗಾ, ಹ್ಯಾಂಪ್ಟನ್ನೇ ತಗೋ.

ಡಲ್ಲಾಸ್ ದಳವಾಯಿ
ಅದು ಹಾಗಲ್ಲ ಮೇಡಂ. ಒಳ್ಳೆಯದಕ್ಕೆ ಹೇಳಿದೆ.

ಗಾಂಧಿಬಜಾರ್
ಮೂರು ದಿನದಿಂದ ಓದ್ತಾ ಇದ್ದೀನಿ. ನನ್ನ ಪಿಕ್ ಬಗ್ಗೆ ಎಲ್ಲರೂ ಮಾತಾಡಿದಿರಿ, ನನ್ನನ್ನು ಒಬ್ಬರೂ ಕೇಳಲಿಲ್ಲ. 1.01 ಮಾರಾಟಕ್ಕಿದೆ. ನನಗೆ ಇವತ್ತು ಆಡೋ ರಿಸೀವರ್ ಬೇಕು, ಜೊತೆಗೆ ಮುಂದಿನ ವರ್ಷದ ಮೊದಲ ಸುತ್ತಿನ ಪಿಕ್.

ನಂಜನಗೂಡು ರಸಬಾಳೆ
ಸಾರ್, ಹ್ಯಾರಿಸನ್ ಮತ್ತು ಮುಂದಿನ ವರ್ಷದ ಮೊದಲ ಪಿಕ್. ಬೇಕಿದ್ದರೆ 1.06 ಕೂಡ ಸೇರಿಸ್ತೀನಿ. ಫೋನ್ ಮಾಡ್ಲಾ?

ಡಲ್ಲಾಸ್ ದಳವಾಯಿ
ಏನ್ರೀ ಇದು! ಗೋಡೆ ಇಲ್ಲ, ಬಾಗಿಲು ಇಲ್ಲ, ಪೆನ್ ಸ್ಟೇಟ್ ಎದುರು 104 ಅಂತ ಮೂರು ದಿನ ಊದಿದ್ದು ಬೆಲೆ ಇಳಿಸೋಕಾ?

ನಂಜನಗೂಡು ರಸಬಾಳೆ
ಜೆಂಟಿ ಕೆಟ್ಟವನು ಅಂತ ನಾನು ಎಲ್ಲೂ ಬರೆದಿಲ್ಲ. 27 ಅಂತ ಬರೆದೆ. ಹುಡುಕಿ ನೋಡಿ.

ಹುಬ್ಬಳ್ಳಿ ಮಿರ್ಚಿ
ಗಾಂಧಿಬಜಾರ್ ಸರ್, ಅವಸರ ಮಾಡಬೇಡ್ರಿ. ನನ್ನದೂ ಒಂದು ಆಫರ್ ಇದೆ. ರಾತ್ರಿ ಕಳಿಸ್ತೀನಿ.

ಕುಂದಾಪುರ ಕಡಲು
ಶನಿವಾರ ಏಳು ಗಂಟೆ ಅಂತ ಇದೆ. ಯಾರ ಏಳು ಗಂಟೆ ಅದು?

ಡಲ್ಲಾಸ್ ದಳವಾಯಿ
ಡಲ್ಲಾಸ್ ಟೈಮ್, ಸಂಜೆ.

ಪೀಣ್ಯ ನೈಟ್ ಶಿಫ್ಟ್
ನನಗೆ ಭಾನುವಾರ ಬೆಳಿಗ್ಗೆ ಐದೂವರೆ. ಪ್ರತಿ ವರ್ಷ ಡಲ್ಲಾಸ್ ಟೈಮೇ ಯಾಕೆ ಅಂತ ಒಬ್ಬರು ಹೇಳ್ತೀರಾ?