ಹಗಲೆಲ್ಲ ಸರಿ ಇರೋ ಅಜ್ಜ ರಾತ್ರಿ ಆದ್ರೆ ಕ್ಯಾನುಲಾ (ಡ್ರಿಪ್ ಹಾಕಾಕೆ ಕೈಗೆ ಚುಚ್ಚಿರೋ ನಳಿಗೆ) ಕಿತ್ಕೊಂತಾರೆ, ಡಾಕ್ಟ್ರಿಗೆ ಫೋನ್ ಮಾಡೋ ಮುಂಚೆ ಏನೇನ್ ನೋಡ್ಬೇಕು?

ನೈಟ್‌ಡ್ಯೂಟಿ_ದಾವಣಗೆರೆ:
ಎಲ್ರಿಗೂ ನಮಸ್ಕಾರ್ರಿ. ಜಿಎನ್‌ಎಂ ನರ್ಸಿಂಗ್ ಮುಗ್ಸಿ ದಾವಣಗೆರೆಯಾಗ ಒಂದು ಆಸ್ಪತ್ರೆ ಆರ್ಥೋ (ಮೂಳೆ) ವಾರ್ಡ್‌ನಾಗ ಅದೀನಿ, ಈಗ ನೈಟ್ ನಡೀತೈತಿ. ಜಗಳೂರು ಕಡೆ ಅಜ್ಜ ಒಬ್ರು, ಎಂಬತ್ತರ ಹತ್ರ ವಯಸ್ಸು, ದನದ ಕೊಟ್ಟಿಗ್ಯಾಗ ಜಾರಿ ಬಿದ್ದು ಸೊಂಟದ ಮೂಳೆ ಮುರ್ದು ಆಪರೇಷನ್ ಆಗೈತಿ. ಹಗಲೊತ್ತು ಚಲೋ ಮಾತಾಡ್ತಾರೆ, ಮೆಕ್ಕೆಜೋಳದ ರೇಟ್ ಏನಾತು ಅಂತ ಕೇಳ್ತಾರೆ, ಕತ್ತಲಾತು ಅಂದ್ರೆ ಬ್ಯಾರೆ ಮನುಷ್ಯನೇ. "ಎತ್ತು ಬಿಚ್ಕೊಂಡು ಹೋದ್ವು, ಹಿಡೀರಲೇ" ಅಂತ ಕೂಗೋದು, ಕ್ಯಾನುಲಾ ಕಿತ್ಕೊಳ್ಳೋದು, ಕಾಲು ಇಳಿಬಿಟ್ಟು ಏಳಾಕೆ ನೋಡೋದು. ಮಗ ಏನಂತಾನೆ ಅಂದ್ರೆ ವಯಸ್ಸಾತಲ್ರಿ ಅರಳು ಮರಳು ಬಿಡ್ರಿ ಅಂತಾನೆ. ಕೈ ಕಟ್ಟು ಅಂತ ಒಬ್ರು, ನಿದ್ದೆ ಇಂಜೆಕ್ಷನ್ ಬರ್ಸ್ಕೋ ಅಂತ ಇನ್ನೊಬ್ರು. ನಂಗೆ ಎರಡೂ ಮನಸ್ಸಿಗೆ ಬರ್ತಾ ಇಲ್ಲ. ರಾತ್ರಿ ಎರಡು ಗಂಟೆಗೆ ಒಬ್ಳೇ ಇದ್ದಾಗ ಮಾಡಾಕಾಗೋದು ಹೇಳ್ರಿ, ದೊಡ್ಡ ದೊಡ್ಡ ಚಾರ್ಟ್ ಬ್ಯಾಡ.

ದುರ್ಗದ_ಸಿಸ್ಟರ್:
ತಂಗಿ, ಮೊದ್ಲು ಆ ಮಗನ್ನ ಕೂರಿಸ್ಕೊಂಡು ಕೇಳು, ಬೀಳೋಕೆ ಮುಂಚೆ ಹೋದ ವಾರ ಅಪ್ಪ ಹೆಂಗಿದ್ರು ಅಂತ. ತಾನೇ ಸ್ನಾನ ಮಾಡ್ತಿದ್ರಾ, ದುಡ್ಡು ಎಣಿಸ್ತಿದ್ರಾ, ದಾರಿ ತಪ್ತಿದ್ರಾ. ಹೋದ ವಾರ ದನ ಕಟ್ಟಿ ಹಾಲು ಕರೆದು ಡೈರಿಗೆ ಹಾಕಿ ಬಂದ ಮನುಷ್ಯ ಈ ವಾರ ಹಿಂಗಾಡಿದ್ರೆ ಅದು ವಯಸ್ಸಲ್ಲಮ್ಮ, ಡೆಲಿರಿಯಂ, ಅಂದ್ರೆ ಇದ್ದಕ್ಕಿದ್ದಂಗೆ ಬರೋ ತಲೆ ಗೊಂದಲ. ಮರೆವಿನ ಕಾಯ್ಲೆ ತಿಂಗಳು ವರ್ಷಗಟ್ಲೆ ನಿಧಾನಕ್ಕೆ ಬರುತ್ತೆ, ಇದು ಗಂಟೆ ದಿನದಾಗೆ ಬಂದು ಹೆಚ್ಚು ಕಮ್ಮಿ ಆಗ್ತಿರುತ್ತೆ, ಹಗಲು ಸರಿ ರಾತ್ರಿ ಕೆಟ್ಟ ಅನ್ನೋದೇ ಅದರ ಲಕ್ಷಣ. ಒಳಗೆ ಎಲ್ಲೋ ಏನೋ ಕೆಟ್ಟೈತೆ, ಅದನ್ನ ಹುಡುಕೋದೇ ನಿನ್ ಕೆಲ್ಸ.

ಸ್ಯಾಚುರೇಷನ್ (ರಕ್ತದಾಗಿನ ಆಕ್ಸಿಜನ್) ನೋಡು, ಸಕ್ಕರೆ ಚುಚ್ಚಿ ನೋಡು, ಬಿಪಿ ನೋಡು, ಇವು ಮೂರಕ್ಕೆ ಐದು ನಿಮಿಷ ಸಾಕು. ಉಸಿರನ್ನ ಅಂದಾಜಿಗೆ ಬರೀಬೇಡ, ಪೂರ್ತಿ ಒಂದು ನಿಮಿಷ ಎಣಿಸು, 25 ದಾಟಿದ್ರೆ ಎದೆ ಕಡೆ ಅನುಮಾನ ಇಟ್ಕೋ. ಜ್ವರ ಇಲ್ಲ ಅಂತ ಇನ್ಫೆಕ್ಷನ್ ಇಲ್ಲ ಅನ್ಕೋಬೇಡ, ವಯಸ್ಸಾದವ್ರಿಗೆ ಮೈ ಕಾಯೋದೇ ಕಮ್ಮಿ, ದಿನಾ 97 ಫ್ಯಾರನ್‌ಹೀಟ್ ಇರೋರಿಗೆ 99 ಬಂದ್ರೂ ಲೆಕ್ಕಕ್ಕೆ ತಗೋ. ನೀರು ಕಮ್ಮಿ ಆಗೈತಾ ಅಂತ ಕೈ ಚರ್ಮ ಚಿವುಟಿ ನೋಡಿದ್ರೆ ಗೊತ್ತಾಗಲ್ಲ, ವಯಸ್ಸಿಗೆ ಅದು ಹೆಂಗೂ ಸಡ್ಲ ಆಗಿರುತ್ತೆ, ನಾಲ್ಗೆ ನೋಡು, ಮೂತ್ರದ ಬಣ್ಣ ನೋಡು.

ಆಮೇಲೆ ಹೊಟ್ಟೆ. ಇದನ್ನ ಎಲ್ರೂ ಬಿಡ್ತಾರೆ. ಕ್ಯಾತಿಟರ್ (ಮೂತ್ರದ ನಳಿಗೆ) ಯಾವಾಗ ತೆಗ್ದ್ರು, ಆಮೇಲೆ ಎಷ್ಟು ಮೂತ್ರ ಹೋಯ್ತು ಅಂತ ಔಟ್‌ಪುಟ್ ಚಾರ್ಟ್ ನೋಡು. ಪ್ಯಾಡ್ ಒದ್ದೆ ಐತೆ ಅಂದ್ರೆ ಹೋಗ್ತಿದೆ ಅಂತ ಅರ್ಥ ಅಲ್ಲ, ತುಂಬಿ ತುಳುಕಿ ತೊಟ್ಟು ತೊಟ್ಟು ಸೋರ್ತಿರಬಹುದು. ಹೊಕ್ಕಳ ಕೆಳಗೆ ಅಂಗೈ ಇಟ್ಟು ಮೆಲ್ಲಕ್ಕೆ ಒತ್ತು, ಗಟ್ಟಿ ಗುಂಡಗೆ ಸಿಕ್ಕಿ ಅಜ್ಜ ಮುಖ ಕಿವುಚಿದ್ರೆ ತಕ್ಷಣ ಡಾಕ್ಟ್ರಿಗೆ ಹೇಳು. ಮಲ ಹೋಗಿ ಎಷ್ಟು ದಿನ ಆಯ್ತು ಅಂತಾನೂ ಕೇಳು. ನೋವು ತಡ್ಕೊಂಡಿದ್ರೂ ಹಿಂಗಾಗುತ್ತೆ, ಸೊಂಟದ ಆಪರೇಷನ್ ಆದ ಹಳ್ಳಿ ಗಂಡಸ್ರು ನೋವೈತೆ ಅಂತ ಬಾಯಿ ಬಿಡೋದೇ ಇಲ್ಲ, ಮಗ್ಗುಲು ಬದಲಾಯ್ಸುವಾಗ ಹುಬ್ಬು ನೋಡು.

ಬೆಣ್ಣೆನಗರಿ_ಸೊಸೆ:
ನಾನು ನರ್ಸ್ ಅಲ್ರಿ, ಅತ್ತೆ ಜೊತೆ ಆಸ್ಪತ್ರೆಯಾಗ ಇದ್ದೋಳು. ಅವ್ರಿಗೂ ಹಿಂಗೇ ಆಗಿತ್ತು, ನನ್ನೇ ಯಾರು ನೀನು ಅಂದ್ರು. ಕನ್ನಡಕ, ಕಿವಿ ಮಷಿನ್ ಎರಡೂ ಮನ್ಯಾಗೇ ಇದ್ವು, ಕಳ್ದು ಹೋದಾವು ಅಂತ ತಂದಿರ್ಲಿಲ್ಲ. ಒಬ್ರು ಸಿಸ್ಟರ್ ತರ್ಸಿ ಹಾಕ್ಸಿದ್ರು, ರಾತ್ರಿ ತಲೆ ಕಡೆ ಒಂದು ಸಣ್ಣ ಲೈಟ್ ಉರಿಯಾಕೆ ಬಿಟ್ರು, ಹಗಲು ಕಿಟಕಿ ಕಡೆ ಮುಖ ಮಾಡಿ ಕೂರ್ಸಿದ್ರು. ಅಷ್ಟಕ್ಕೇ ಎಷ್ಟೋ ಸಮಾಧಾನ ಆತು. ಆ ಸಿಸ್ಟರ್ ಕೈ ಮುಗಿಯಂಗಿದ್ರು.

ಟ್ಯೂಟರ್_ನರ್ಸಿಂಗ್:
ದುರ್ಗದ ಸಿಸ್ಟರ್ ಹೇಳಿದ್ದಕ್ಕೆ ಎರಡು ಸೇರಿಸ್ತೀನಿ. ಒಂದು, ಡ್ರಗ್ ಚಾರ್ಟ್. ರಕ್ತ ಹಾಕೋ ಮುಂಚೆ ಅವಿಲ್ ಕೊಟ್ಟಿದಾರಾ ನೋಡಿ, ಫೆನರ್ಗಾನ್ ಇದೆಯಾ ನೋಡಿ. ಈ ಹಳೇ ತಲೆಮಾರಿನ ಅಲರ್ಜಿ ಔಷಧಿಗಳು ವಯಸ್ಸಾದವ್ರ ತಲೆ ಕೆಡಿಸ್ತವೆ, ಮೂತ್ರಾನೂ ಕಟ್ಟಿಸ್ತವೆ, ವಯಸ್ಸಾದವ್ರಿಗೆ ಯಾವ ಔಷಧಿ ಬೇಡ ಅಂತ ಹೇಳೋ, ಅಮೆರಿಕದ ಜೀರಿಯಾಟ್ರಿಕ್ಸ್ (ವೃದ್ಧರ ವೈದ್ಯಕೀಯ) ಸೊಸೈಟಿಯ ಬೀರ್ಸ್ ಪಟ್ಟಿಯಲ್ಲಿ ಈ ಗುಂಪನ್ನ ಬೇಡ ಅಂತಾನೇ ಬರೆದಿದಾರೆ. ಹಾಗೇ ಮನೆಯಲ್ಲಿ ತಗೋತಿದ್ದು ಇಲ್ಲಿ ನಿಂತು ಹೋಗಿರೋದು ಏನಾದ್ರೂ ಇದೆಯಾ ಕೇಳಿ, ನಿದ್ದೆ ಮಾತ್ರೆ ಅಥವಾ ದಿನಾ ಎಣ್ಣೆ. ಮಗನ ಎದುರಿಗೆ ಎಣ್ಣೆ ವಿಷಯ ಯಾರೂ ಒಪ್ಪಲ್ಲ, ಪಕ್ಕಕ್ಕೆ ಕರೆದು ಕೇಳಿ. ಕುಡಿಯೋದು ನಿಂತಿದ್ದಕ್ಕೆ ಹೀಗಾಗಿದ್ರೆ ಟ್ರೀಟ್ಮೆಂಟೇ ಬೇರೆ, ಬೇರೆ ಕಾರಣಕ್ಕಾದ್ರೆ ನಿದ್ದೆ ಇಂಜೆಕ್ಷನ್ ಗೊಂದಲ ಇನ್ನೂ ಜಾಸ್ತಿ ಮಾಡಬಹುದು.

ಎರಡನೇದು, ಗಮನ ಪರೀಕ್ಷೆ. ಫೋರ್ ಎಟಿ (4AT) ಅಂತ ಅಂಕ ಕೊಡೋ ಪರೀಕ್ಷೆ ಒಂದಿದೆ, ಎರಡು ನಿಮಿಷದ್ದು: ಎಚ್ಚರ ಹೇಗಿದೆ, ವಯಸ್ಸು ಹುಟ್ಟಿದ ತಾರೀಖು ಜಾಗ ವರ್ಷ ಹೇಳ್ತಾರಾ, ತಿಂಗಳುಗಳನ್ನ ಉಲ್ಟಾ ಹೇಳ್ತಾರಾ, ಇದ್ದಕ್ಕಿದ್ದಂತೆ ಬದಲಾಗಿದ್ದಾ. ಒಟ್ಟು ಅಂಕ 4 ಅಥವಾ ಮೇಲೆ ಬಂದ್ರೆ ಡೆಲಿರಿಯಂ ಇರಬಹುದು. ಆದ್ರೆ ನಮ್ಮ ಕಡೆ ಶಾಲೆಗೆ ಹೋಗದ ಅಜ್ಜಂದ್ರಿಗೆ ಹುಟ್ಟಿದ ತಾರೀಖು ಚೆನ್ನಾಗಿದ್ದಾಗ್ಲೂ ಗೊತ್ತಿರಲ್ಲ, ಅದಕ್ಕೆ ಗೊಂದಲ ಅಂತ ಬರೆದ್ರೆ ಅನ್ಯಾಯ. ನಾನು ವಾರ ಉಲ್ಟಾ ಹೇಳಿಸ್ತೀನಿ, ಭಾನುವಾರ ಶನಿವಾರ ಶುಕ್ರವಾರ ಅಂತ, ಹಾಗೆ ಬದಲಾಯ್ಸಿದ್ದನ್ನ ನೋಟ್ಸಲ್ಲೂ ಬರೀತೀನಿ. ಮಧ್ಯದಲ್ಲೇ ತಪ್ಪಿ ಎಲ್ಲೋ ನೋಡ್ತಾ ಕೂತ್ರೆ ಗಮನ ನಿಲ್ತಿಲ್ಲ ಅಂತ ಗೊತ್ತಾಗುತ್ತೆ.

ನೈಟ್‌ಡ್ಯೂಟಿ_ದಾವಣಗೆರೆ:
ಅಕ್ಕಾ, ಹೊಟ್ಟೆ ಮುಟ್ಟಿ ನೋಡ್ದೆ, ಗಟ್ಟಿ ಇತ್ತು. ಬೆಳಗ್ಗೆನೇ ಕ್ಯಾತಿಟರ್ ತೆಗ್ದಿದ್ರು, ಪ್ಯಾಡ್ ಒದ್ದೆ ಐತಿ ಅಂತ ಎಲ್ರೂ ಸುಮ್ನಿದ್ರು. ಡ್ಯೂಟಿ ಡಾಕ್ಟ್ರು ಬಂದು ಹಾಕ್ಸಿದ್ಮೇಲೆ 800 ಎಂಎಲ್ ಮೇಲೆ ಬಂತು. ಅವಿಲ್ ಕೂಡ ಚಾರ್ಟಲ್ಲಿ ಇತ್ತು, ನಿಲ್ಲಿಸಿದ್ರು. ಅಜ್ಜ ಅರ್ಧ ಗಂಟೆಗೆ ಮಲಗಿದ್ರು, ಆದ್ರೂ ಬೆಳಗಿನ ಜಾವ ಮತ್ತೆ ಎತ್ತು ಎತ್ತು ಅಂತ ಎದ್ರು. ಪೂರ್ತಿ ಸರಿ ಆಗಿಲ್ಲ. ಹಂಗೆ ಅವ್ರ ಎದುರಿನ ಬೆಡ್ಡಾಗ ಅಜ್ಜಿ ಒಬ್ರು ಅದಾರೆ, ಅವ್ರದ್ದೇನೂ ತಂಟೆ ಇಲ್ಲ, ದಿನವಿಡೀ ಮಲ್ಗೇ ಇರ್ತಾರೆ.

ದುರ್ಗದ_ಸಿಸ್ಟರ್:
ಬಾಳ ಚೆನ್ನಾಗಿ ಮಾಡ್ದೆ. ಕಾರಣ ಸರಿ ಆದ್ಮೇಲೂ ತಲೆ ತಿಳಿಯಾಗೋಕೆ ದಿನ ಹಿಡಿಯುತ್ತೆ, ಕೆಲವ್ರಿಗೆ ವಾರಗಟ್ಲೆ, ಮನೆಯವ್ರಿಗೆ ಈಗ್ಲೇ ಹೇಳಿಡು, ಇಲ್ಲಾಂದ್ರೆ ಡಿಸ್ಚಾರ್ಜ್ ಆದ್ಮೇಲೆ ಹೆದರ್ತಾರೆ. ಕೈ ಮಾತ್ರ ಕಟ್ಟಬೇಡ, ಕಟ್ಟಿದ್ರೆ ಇನ್ನೂ ಒದ್ದಾಡಿ ಗಾಯ ಮಾಡ್ಕೋತಾರೆ, ಗಾಬರಿ ಜಾಸ್ತಿ ಆಗುತ್ತೆ. ಕ್ಯಾನುಲಾ ಬೇಕೇ ಬೇಕಾ ಕೇಳು, ಬೇಕಂದ್ರೆ ಬ್ಯಾಂಡೇಜ್ ಸುತ್ತಿ ತೋಳಿನ ಬಟ್ಟೆ ಒಳಗೆ ಮುಚ್ಚು. ಮಗ ಮಂಚದ ಕೆಳಗೆ ಚಾಪೆ ಹಾಸ್ಕೊಂಡು ಮಲಗೋ ಬದ್ಲು ಪಕ್ಕದಾಗೆ ಕೂತು ಕೈ ಹಿಡ್ಕೊಳ್ಳಲಿ. ಎತ್ತು ಕೇಳಿದ್ರೆ ಎತ್ತಿಲ್ಲ ಅಂತ ವಾದ ಮಾಡ್ಬೇಡ್ರಿ, ತಮ್ಮ ನೋಡ್ಕೊಂತಾನೆ ಬಿಡಪ್ಪ, ನೀನು ದಾವಣಗೆರೆ ಆಸ್ಪತ್ರೆಯಾಗೆ ಇದೀಯ ಅನ್ನಿ.

ಇನ್ನ ಆ ಅಜ್ಜಿ. ನಂಗೆ ಅಜ್ಜನಿಗಿಂತ ಅವ್ರದ್ದೇ ಜಾಸ್ತಿ ಯೋಚ್ನೆ. ಡೆಲಿರಿಯಂ ಕೂಗಾಡೋ ಥರನೇ ಬರ್ಬೇಕು ಅಂತಿಲ್ಲ, ಮಂಕಾಗಿ ಮಲಗೋ ಥರಾನೂ ಬರುತ್ತೆ, ತಂಟೆ ಇಲ್ಲ ಅಂತ ಯಾರೂ ನೋಡಲ್ಲ, ಅಂಥವ್ರೇ ಕೆಡೋದು. ಇವತ್ತು ರಾತ್ರಿ ಹೆಸರು ಹಿಡಿದು ಎಬ್ಬಿಸಿ ವಾರ ಉಲ್ಟಾ ಹೇಳ್ಸು. ಮಂಪರಲ್ಲಿ ಇದ್ರೆ ಮಲಗಿಸ್ಕೊಂಡು ಗಂಜಿ ಹಾಕೋದು ಬೇಡ, ಎದೆಗೆ ಇಳಿಯುತ್ತೆ. ಹಿಮ್ಮಡಿ, ಬೆನ್ನ ಕೆಳಗಿನ ಮೂಳೆ ಲೈಟ್ ಹಾಕಿ ನೋಡು, ಒತ್ತಿದ್ರೂ ಬಿಳಿ ಆಗದ ಕೆಂಪು ಇದ್ರೆ ಅದು ಬೆಡ್‌ಸೋರ್ ಶುರು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯ್ಸು. ಬಿಪಿಗೆ ಮೂತ್ರ ಹೋಗೋ ಮಾತ್ರೆ ತಗೋತಾರಾ ಅಂತ ಮನೆಯವ್ರನ್ನ ಕೇಳು, ತಗೋತಿದ್ರೆ ರಕ್ತದಾಗೆ ಸೋಡಿಯಂ (ಉಪ್ಪಿನಂಶ) ಇಳಿದು ಮಂಕಾಗಿರಬಹುದು, ಬೆಳಗ್ಗೆ ರೌಂಡ್ಸಿಗೆ ಮುಂಚೆನೇ ಸೋಡಿಯಂ ಟೆಸ್ಟಿಗೆ ರಕ್ತ ಕಳಿಸೋಣವಾ ಅಂತ ಡಾಕ್ಟ್ರಿಗೆ ನೆನಪು ಮಾಡು.